ಚಿಗರಿಗೆ ಬಿತ್ತುವ ಮುನ್ನ

ನಾಲ್ಕು ಜನ ಕನ್ನಡಿಗರು ಕೂಡಿದಲ್ಲಿ ಈಗೀಗ ಹೊಸದೊಂದು ಮಾತು ಕೇಳಿಬರುತ್ತಿದೆ. ಚೇವೆಳ್ಳ, ಶಂಕರಪಲ್ಲಿ, ವಿಕಾರಾಬಾದುಗಳ ಕಡೆ ಎಕರೆ ಅರ್ಧ ಎಕರೆ ಭೂಮಿ ಕೊಂಡು, ಶನಿವಾರ ಭಾನುವಾರ ಕಳೆಯಲೆಂದು ಮನೆ ಕಟ್ಟಿಕೊಂಡವರ ಮಾತು ಅದು. "ಹಿತ್ತಲ ಕಡೆ ಹತ್ತು ಗುಂಟೆ ಬೇಲಿಯಿಲ್ಲದೆ ಬಿಡೋಣ. ಮುಂಗಾರಿಗೆ ಅಲಸಂದಿ, ಹಿಂಗಾರಿಗೆ ಕಡಲೆ, ಬೇಸಿಗೆಗೆ ನೀರು ಹಾಯಿಸಿ ಕುದುರೆ ಮೆಂತ್ಯ ಬಿತ್ತೋಣ. ಜಿಂಕೆಗಳು ತಾವಾಗಿ ಬರುತ್ತವೆ. ಮಕ್ಕಳು ಜಗಲಿಯಲ್ಲಿ ಕೂತು ನೋಡಲಿ." ಅಮೆರಿಕದಲ್ಲಿರುವ ಮಗನೋ ಅಳಿಯನೋ ಕಳಿಸಿದ ಚಿತ್ರಗಳು ಈ ಉತ್ಸಾಹಕ್ಕೆ ಕುಮ್ಮಕ್ಕು ಕೊಡುತ್ತವೆ. ಅಲ್ಲಿ ಋತುವಿಗೊಂದು ಬೆಳೆಯಂತೆ, ಸಂಜೆಯಾದರೆ ಮನೆಯ ಹಿಂದೆ ಹಿಂಡೇ ಬಂದು ನಿಲ್ಲುತ್ತದಂತೆ!

ಇಂಥವರ ಮನಸ್ಸು ಕೆಟ್ಟದ್ದೆಂದು ಯಾರೂ ಹೇಳಲಾರರು. ಮೂಕಪ್ರಾಣಿಗೆ ಒಂದು ಹಿಡಿ ಮೇವು ಹಾಕುವುದು ನಮ್ಮ ಹಿರಿಯರು ಕಲಿಸಿದ ಪುಣ್ಯದ ಕೆಲಸ. ಆದರೆ ಹಟ್ಟಿಯಲ್ಲಿ ಕಟ್ಟಿದ ಆಕಳಿಗೆ ಹಾಕುವ ಮೇವು ಬೇರೆ, ಬಯಲಲ್ಲಿ ಬದುಕುವ ಚಿಗರಿಗೆ ಒಡ್ಡುವ ಮೇವು ಬೇರೆ. ಹಳಗನ್ನಡಿಗರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಕಾಡಿನ ಮೃಗವನ್ನು ಸೆಳೆಯಲು ಬೇಡ ಮುಂದೆ ನಿಲ್ಲಿಸುತ್ತಿದ್ದ ಸಾಕುಮೃಗಕ್ಕೆ ಅವರು 'ದೀವ' ಎಂದು ಹೆಸರಿಟ್ಟಿದ್ದರು. ತನ್ನ ಜಾತಿಯದನ್ನೇ ಕಂಡು ನಂಬಿ ಬಂದ ಮೃಗ ಬೇಡನ ಕೈಗೆ ಸಿಗುತ್ತಿತ್ತು. ನಮ್ಮ ಹತ್ತು ಗುಂಟೆಯ ಅಲಸಂದಿಯೂ ಒಂದು ದೀವವೇ ಎಂಬುದು ಈ ಲೇಖನದ ವಾದ.

ಅತಿಶಯೋಕ್ತಿಯಾಯಿತು ಎನ್ನುತ್ತೀರಾ? ಅಮೆರಿಕದ ಪದ್ಧತಿಯನ್ನೇ ನೋಡೋಣ. ಅಲ್ಲಿ ಋತುವಿಗೊಂದು ಮೇವಿನ ಬೆಳೆ ಬಿತ್ತುವವರಲ್ಲಿ ಬಹುಪಾಲು ಜನ ಬೇಟೆಗಾರರು. ಬಿಳಿಬಾಲದ ಜಿಂಕೆಯನ್ನು ಬಂದೂಕಿನ ಅಳತೆಗೆ ತಂದು ನಿಲ್ಲಿಸಲು ಕಂಡುಕೊಂಡ ಉಪಾಯ ಅದು. ಅವರಿಗೆ ಅದರಲ್ಲಿ ಮುಚ್ಚುಮರೆಯಿಲ್ಲ. ಬೇಟೆಗೆ ಪರವಾನಗಿ ಇದೆ, ಕಾಲ ಗೊತ್ತುಮಾಡಿದೆ. ಅಲ್ಲಿಯೂ ಎಲ್ಲ ಸುಖವಾಗಿಲ್ಲ. ಜಿಂಕೆಗಳು ಕ್ಷಯಿಸಿ ಕ್ಷಯಿಸಿ ಸಾಯುವ ಮಿದುಳಿನ ರೋಗವೊಂದು 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಾಣಿಸಿಕೊಂಡಿತು. 2002ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲೂ ಪತ್ತೆಯಾಯಿತು. ಒಂದೇ ಕಡೆ ಮೂತಿಗೆ ಮೂತಿ ತಾಗಿಸಿ ಮೇಯುವುದರಿಂದ ರೋಗ ಹರಡುತ್ತದೆಂದು ಅಲ್ಲಿನ ಹಲವು ರಾಜ್ಯಗಳು ಜಿಂಕೆಗೆ ಕಾಳು ಮೇವು ಸುರಿಯುವುದನ್ನು ನಿಷೇಧಿಸಿದವು. "ನಾವು ಸುರಿಯುವುದಿಲ್ಲ, ಬಿತ್ತುತ್ತೇವೆ" ಎಂದು ವಾದಿಸಬಹುದು. ಹತ್ತು ಗುಂಟೆಯಲ್ಲಿ ಹಿಂಡು ಕಿಕ್ಕಿರಿದರೆ ಸುರಿದದ್ದಕ್ಕೂ ಬಿತ್ತಿದ್ದಕ್ಕೂ ಎಷ್ಟು ಅಂತರ ಉಳಿದೀತು? ಬಂದೂಕನ್ನು ಬಿಟ್ಟು ದೀವವನ್ನು ಮಾತ್ರ ಆಮದು ಮಾಡಿಕೊಂಡರೆ ಅದು ಅಹಿಂಸೆಯಾಗುವುದಿಲ್ಲ.

ನಮ್ಮ ದೇಶದ ಕಾಯಿದೆಯೂ ಈ ಮಾತನ್ನು ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ 'ಬೇಟೆ' ಎಂಬ ಪದವನ್ನು ವ್ಯಾಖ್ಯಾನಿಸುವಾಗ ಕೊಲ್ಲುವುದು, ಹಿಡಿಯುವುದು, ಬಲೆ ಒಡ್ಡುವುದರ ಸಾಲಿನಲ್ಲೇ ಆಮಿಷ ಒಡ್ಡುವುದನ್ನೂ ಸೇರಿಸಿದೆ. ಅಲಸಂದಿ ಬಿತ್ತಿದವರೆಲ್ಲ ಅಪರಾಧಿಗಳೆಂದು ಇದರ ಅರ್ಥವಲ್ಲ. ಆದರೆ ಆಮಿಷಕ್ಕೂ ಬೇಟೆಗೂ ಇರುವ ನೆಂಟಸ್ತನವನ್ನು ಕಾಯಿದೆ ಬರೆದವರು ಕಂಡಿದ್ದರು.

ಇನ್ನು ಆ ಪ್ರಾಣಿಯ ಗತಿ ಏನಾಗುತ್ತದೆ? ಜಿಂಕೆ, ಕೃಷ್ಣಮೃಗಗಳು ಮೆಲುಕು ಹಾಕುವ ಜೀವಿಗಳು. ಎಳೆಯ ಕುದುರೆ ಮೆಂತ್ಯವನ್ನು ಹಸಿದ ಹೊಟ್ಟೆಯಲ್ಲಿ ಮೇಯ್ದ ದನ ಹೊಟ್ಟೆಯುಬ್ಬರದಿಂದ ಸಾಯುವುದನ್ನು, ಕಾಳಿನ ಚೀಲಕ್ಕೆ ಬಾಯಿ ಹಾಕಿದ ಎಮ್ಮೆ ನೆಲ ಹಿಡಿಯುವುದನ್ನು ಹಳ್ಳಿಯಲ್ಲಿ ಬೆಳೆದ ನಮ್ಮಲ್ಲಿ ಹಲವರು ಬಲ್ಲರು. ಒಣಹುಲ್ಲು ಕುರುಚಲಿಗೆ ಒಗ್ಗಿದ ಹೊಟ್ಟೆ ಹಠಾತ್ತನೆ ಬಂದ ಹಬ್ಬದೂಟವನ್ನು ತಡೆಯಲಾರದು. ಅದೂ ಹೋಗಲಿ, ನಿಮ್ಮ ಹತ್ತು ಗುಂಟೆಗೆ ಬರಬೇಕಾದರೆ ಅದು ರಸ್ತೆ ದಾಟಬೇಕು, ಊರನಾಯಿಗಳ ಹಿಂಡನ್ನು ದಾಟಬೇಕು, ಔಷಧಿ ಹೊಡೆದ ಹತ್ತಿಯ ಹೊಲವನ್ನು ದಾಟಬೇಕು. ನೀವು ಭಾನುವಾರ ಸಂಜೆ ಕಾರು ಹತ್ತಿ ನಗರಕ್ಕೆ ಮರಳುತ್ತೀರಿ. ರುಚಿ ಕಂಡ ಹಿಂಡು ಸೋಮವಾರವೂ ಬರುತ್ತದೆ. ನಿಮ್ಮ ಮಡಿ ಬರಿದಾಗಿದ್ದರೆ ಪಕ್ಕದ ರೈತನ ಹೊಲಕ್ಕೆ ಇಳಿಯುತ್ತದೆ.

ಆ ರೈತ ಯಾರು? ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಬಾದಿಗೆ ರಾಯಚೂರು, ಯಾದಗಿರಿ, ಕಲಬುರ್ಗಿ, ಬೀದರಗಳಿಂದ ಬಂದ ಕುಟುಂಬಗಳು ನೂರಾರು. ಕೃಷ್ಣಾ ತೀರದ ನಾರಾಯಣಪೇಟೆ ಜಿಲ್ಲೆ ಇಂದು ತೆಲಂಗಾಣದಲ್ಲಿದ್ದರೂ ಗಡಿಯ ಹಲವು ಮನೆಗಳ ಮಾತು ಕನ್ನಡವೇ. ಅಲ್ಲಿ ಕೃಷ್ಣಮೃಗಗಳ ಹಿಂಡು ಹೊಲಕ್ಕೆ ನುಗ್ಗಿ ಮೊಳಕೆಯನ್ನೇ ತಿಂದು ಹೋಗುತ್ತವೆಂಬುದು ರೈತರ ಹಳೆಯ ಅಳಲು. ಇತ್ತ ಕೊಪ್ಪಳ, ಗದಗ, ಹಾವೇರಿಗಳಲ್ಲೂ ಅದೇ ಕಥೆ. ಶೇಂಗಾ, ಕಡಲೆ, ಹೆಸರು ಎರಡೆಲೆ ಒಡೆಯುವ ಹೊತ್ತಿಗೆ ರಾತ್ರಿಯೆಲ್ಲ ಹೊಲ ಕಾಯಬೇಕು. ಕೃಷ್ಣಮೃಗ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿರುವ ಪ್ರಾಣಿ. ಕಲ್ಲು ಬೀಸಿ ಓಡಿಸುವುದನ್ನು ಬಿಟ್ಟರೆ ರೈತನಿಗೆ ಬೇರೆ ದಾರಿಯಿಲ್ಲ. ಅಲ್ಲಿ ನಮ್ಮ ಅಣ್ಣತಮ್ಮಂದಿರು ನಿದ್ದೆಗೆಟ್ಟು ಚಿಗರಿ ಕಾಯುತ್ತಿರುವಾಗ, ಇಲ್ಲಿ ನಾವು ಕಾಸು ಕೊಟ್ಟು ಬೀಜ ತಂದು ಅದಕ್ಕೆ ಬೆಳೆಯ ರುಚಿ ಹತ್ತಿಸುವುದು ಯಾವ ನ್ಯಾಯ?

"ಹಾಗಾದರೆ ಅವು ಹಸಿದು ಸಾಯಲೆ?" ಎಂದು ಕೇಳುವವರಿದ್ದಾರೆ. ಸಾಯಬಾರದು. ಕಡುಬೇಸಿಗೆಯಲ್ಲಿ ರಕ್ಷಿತ ವನದೊಳಗೆ ಅರಣ್ಯ ಇಲಾಖೆಯವರು ಪಶುವೈದ್ಯರನ್ನು ಕೇಳಿ ನೀರು, ಮೇವು ಒದಗಿಸಿದರೆ ಅದು ಅವರ ಕರ್ತವ್ಯ. ಅದನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಈ ನಗರದ ಸುತ್ತ ಜಿಂಕೆಗೆ ಬಂದ ಕೊರತೆ ಅಲಸಂದಿಯದಲ್ಲ, ನೆಲದ್ದು. ನಿಜಾಮರ ಬೇಟೆಯ ಬಯಲಾಗಿದ್ದ ವನಸ್ಥಲಿಪುರದ ಭೂಮಿಯನ್ನು ಮಹಾವೀರನ ನಿರ್ವಾಣದ 2,500ನೆಯ ವರ್ಷದ ನೆನಪಿಗೆ 1975ರಲ್ಲಿ ಹರಿಣ ವನಸ್ಥಲಿಯಾಗಿ ಮೀಸಲಿಟ್ಟರು. ಬೇಟೆಯ ನೆಲವೇ ಅಭಯದ ನೆಲವಾಯಿತು. 3,500 ಎಕರೆಗೂ ಮಿಗಿಲಾದ ಆ ಬಯಲಿನಲ್ಲಿ ಕೃಷ್ಣಮೃಗಗಳು ಉಳಿದಿವೆ. 1994ರಲ್ಲಿ ಚಿಲ್ಕೂರಿನ ಬಳಿ ಮೃಗವನಿ ಆಯಿತು, ಅಲ್ಲಿ ಚುಕ್ಕೆ ಜಿಂಕೆಗಳಿವೆ. ಜಿಂಕೆಯನ್ನು ಉಳಿಸುವ ರೀತಿ ಇದು. ನೆಲ ಬಿಟ್ಟುಕೊಟ್ಟರು, ಹುಲ್ಲು ತಾನಾಗಿ ಬೆಳೆಯಿತು.

ಬಿಟ್ಟುಕೊಡದಿದ್ದರೆ ಏನಾಗುತ್ತದೆಂಬುದನ್ನೂ ಈ ನಗರ ಕಂಡಿದೆ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ 2025ರ ಮಾರ್ಚ್ ಕೊನೆಯಲ್ಲಿ ಬುಲ್ಡೋಜರುಗಳು ನುಗ್ಗಿದವು. ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ಕೆಲಸ ನಿಲ್ಲಿಸುವಂತೆ ಆಜ್ಞೆ ಮಾಡಿತು. ಅಷ್ಟರಲ್ಲಿ ಗಿಡಮರಗಳು ಉರುಳಿದ್ದವು. ಅದೇ ದಿನಗಳಲ್ಲಿ ನಾಯಿಗಳ ಬಾಯಿಗೆ ಸಿಕ್ಕಿ ಜಿಂಕೆಯೊಂದು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಭೂಮಿ ಯಾರದೆಂಬ ವ್ಯಾಜ್ಯ ಇಲ್ಲಿ ನಮಗೆ ಬೇಡ. 'ಕಂಚ' ಎಂದರೆ ಈ ಸೀಮೆಯ ಮಾತಿನಲ್ಲಿ ದನ ಮೇಯುವ ಬೀಳು, ನಮ್ಮ ಕಡೆಯ ಗಾಯರಾಣ. ಹೆಸರಿನಲ್ಲೇ ಹುಲ್ಲಿದ್ದ ನೆಲ ಅದು. ಆ ಸುತ್ತಿನ ಎತ್ತರದ ಕಟ್ಟಡಗಳಲ್ಲಿ ನಮ್ಮವರೂ ವಾಸವಾಗಿದ್ದಾರೆ. ವಿದ್ಯಾರ್ಥಿಗಳು ಬೀದಿಗಿಳಿದ ಆ ವಾರ ನಮ್ಮಲ್ಲಿ ಎಷ್ಟು ಮಂದಿ ಒಂದು ಕಾಗದ ಬರೆದರು? ಚುಕ್ಕೆ ಜಿಂಕೆ ತೆಲಂಗಾಣದ ರಾಜ್ಯ ಪ್ರಾಣಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ಅದರ ನೆಲ ಹೋಗುವಾಗ ಸುಮ್ಮನಿದ್ದು, ಆಮೇಲೆ ಹಿತ್ತಲಲ್ಲಿ ಅದಕ್ಕೆ ಔತಣ ಹೂಡುವುದು ಎಂಥ ಪ್ರೀತಿ?

ಬರೀ ಒಳ್ಳೆಯ ಉದ್ದೇಶ ಸಾಲದೆಂಬುದಕ್ಕೆ ಕರ್ನಾಟಕದಲ್ಲೇ ಪಾಠವಿದೆ. ರಾಣೆಬೆನ್ನೂರಿನ ಬಯಲು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ವಿಸ್ತಾರ 119 ಚದರ ಕಿಲೋಮೀಟರು. ಹುಲ್ಲುಬಯಲೆಂದರೆ ಪಾಳುಭೂಮಿ ಎಂದು ತಿಳಿದು ಅಲ್ಲಿ ನೀಲಗಿರಿ ನೆಟ್ಟಿದ್ದರು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಕಣ್ಮರೆಯಾಯಿತು. ಕೃಷ್ಣಮೃಗ ಉಳಿಯಿತು, ಆದರೆ ಮೇವಿಗೆ ರೈತರ ಹೊಲಕ್ಕೆ ಇಳಿಯಿತು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿ ಕೃಷ್ಣಮೃಗವನ್ನು ಕರೆಯಲು ಯಾರೂ ಕಡಲೆ ಬಿತ್ತಬೇಕಿಲ್ಲ. ಕಣ್ಣಿಗೆ ದೂರ ಕಾಣುವ, ಕಾಲಿಗೆ ಓಡಲು ಸಿಗುವ ಬಯಲಿದ್ದರೆ ಅದಕ್ಕೆ ಸಾಕು. ಕನ್ನಡದ 'ಹುಲ್ಲೆ' ಎಂಬ ಹೆಸರಿನಲ್ಲಿ ಹುಲ್ಲು ಹೇಗೆ ಬಂತೆಂಬುದು ಪಂಡಿತರಿಗೆ ಬಿಟ್ಟ ವಿಷಯ. ನಮ್ಮ ಕಿವಿಗಂತೂ ಅದು ಕೇಳಿಸುತ್ತದೆ.

ಆದ್ದರಿಂದ ಊರ ಹೊರಗೆ ಭೂಮಿ ಕೊಂಡ ಬಂಧುಗಳಲ್ಲಿ ವಿನಂತಿ. ಆ ಹತ್ತು ಗುಂಟೆಯನ್ನು ಬಿತ್ತದೆ, ಉಳದೆ, ಔಷಧಿ ಹೊಡೆಯದೆ ಹಾಗೇ ಬಿಡಿ. ಆ ನೆಲದ ಹುಲ್ಲು ತಾನೇ ಬರುತ್ತದೆ. ಚಿಗರಿ ಬಂದರೆ ಬರಲಿ, ಬಾರದಿದ್ದರೆ ಬೇಸರ ಬೇಡ. ಉಳಿದ ಎಂಜಲನ್ನು ಹೊರಗೆ ಚೆಲ್ಲಿ ನಾಯಿಗಳ ಹಿಂಡು ಬೆಳೆಸಬೇಡಿ. ಪಕ್ಕದ ರೈತನಿಗೆ ಬೆಳೆ ಹಾನಿಯಾದರೆ ಪರಿಹಾರದ ಅರ್ಜಿ ಬರೆದುಕೊಡಿ, ಕಚೇರಿಗೆ ಜೊತೆಗೆ ಹೋಗಿ. ಓದು ಬರಹ ಬಲ್ಲ ನಾವು ಅಷ್ಟಾದರೂ ಮಾಡಬಹುದು. ಸುತ್ತಲ ಬೀಳು, ಕೆರೆಯಂಗಳಗಳ ಮೇಲೆ ಯಾರಾದರೂ ಕಣ್ಣು ಹಾಕಿದರೆ ಸುಮ್ಮನಿರಬೇಡಿ.

ಮಕ್ಕಳಿಗೆ ಜಿಂಕೆ ತೋರಿಸಬೇಕೆಂಬ ಆಸೆ ಸಹಜವಾದದ್ದೇ. ವನಸ್ಥಲಿಪುರ ದೂರವಿಲ್ಲ. ಬಿಸ್ಕತ್ತು ಪೊಟ್ಟಣ ಮನೆಯಲ್ಲಿಟ್ಟು ಕರೆದುಕೊಂಡು ಹೋಗಿ. ಒಂದು ಗಂಟೆ ಸದ್ದಿಲ್ಲದೆ ಕಾದು, ದೂರದಲ್ಲಿ ಹಾರಿ ಹೋದ ಒಂದೇ ಒಂದು ಕೃಷ್ಣಮೃಗವನ್ನು ಕಂಡ ಮಗು, ಹಿತ್ತಲಲ್ಲಿ ಹೊಟ್ಟೆ ತುಂಬ ಮೇಯ್ದು ನಿಂತ ಇಪ್ಪತ್ತನ್ನು ಕಂಡ ಮಗುವಿಗಿಂತ ಹೆಚ್ಚನ್ನು ಕಲಿತಿರುತ್ತದೆ. ಕಾಡಿನ ಜೀವ ನಮ್ಮ ಕರೆಗೆ ಬರಬೇಕಾದದ್ದಲ್ಲ, ಅದು ಇರುವಲ್ಲಿಗೆ ನಾವು ಮರ್ಯಾದೆಯಿಂದ ಹೋಗಬೇಕೆಂಬುದು ಆ ಪಾಠ.