ನಾವು ಹೊಗಳಿದ್ದನ್ನೇ ಮಕ್ಕಳು ಕಲಿಯುತ್ತಾರೆ

ಜುಮಾ ಮುಗಿದು ಮಸೀದಿಯ ಗೇಟಿನ ಹತ್ತಿರ ನಿಂತಾಗ, ಮದುವೆ ಹಾಲ್‌ನಲ್ಲಿ ಊಟಕ್ಕೆ ಕೂತಾಗ, ಸಂಜೆ ಹೋಟೆಲಿನಲ್ಲಿ ಚಾ ಕುಡಿಯುವಾಗ ನಮ್ಮವರ ಮಾತಿಗೆ ಸ್ವಲ್ಪ ಕಿವಿ ಕೊಡಿ. ಎರಡು ವಿಷಯ ಹೆಚ್ಚುಕಡಿಮೆ ಬಂದೇ ಬರುತ್ತದೆ. ಒಂದು, ಹುಡುಗರ ಬೈಕ್. "ತೊಕ್ಕೊಟ್ಟಿನಿಂದ ಸುರತ್ಕಲ್‌ಗೆ ಅವನಿಗೆ ಇಪ್ಪತ್ತು ನಿಮಿಷ ಸಾಕು ಮಾರಾಯ್ರೆ." "ಒಂದು ಕೈಯಲ್ಲಿ ಮೊಬೈಲ್, ಒಂದು ಕೈಯಲ್ಲಿ ಗಾಡಿ, ಆದ್ರೂ ಒಂಚೂರು ಅಲುಗಾಡುವುದಿಲ್ಲ." ಇನ್ನೊಂದು, ಊಟ. "ನಮ್ಮವನಿಗೆ ಕೋಳಿ ಇಲ್ಲದಿದ್ರೆ ಅನ್ನ ಇಳಿಯುವುದಿಲ್ಲ. ತರಕಾರಿ ಅಂದ್ರೆ ಆಗುವುದೇ ಇಲ್ಲ." ಹೇಳುವುದು ದೂರಿನ ಹಾಗೆ. ಆದರೆ ಹೇಳುವವರ ಮುಖ ನೋಡಿ, ನಗು ಇರುತ್ತದೆ. ಅದು ದೂರಲ್ಲ, ಹೆಮ್ಮೆ.

ಬೈಕಿಗೂ ಬಸಳೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಎರಡೂ ನಮಗೆ ಹಗುರ ಮಾತು, ಹೊತ್ತು ಕಳೆಯಲು ಆಡುವ ಮಾತು. ಆದರೆ ಪಕ್ಕದಲ್ಲಿ ಕೂತ ಹತ್ತು ವರ್ಷದ ಹುಡುಗ ಅದನ್ನು ಹಗುರವಾಗಿ ಕೇಳುವುದಿಲ್ಲ. ಗಂಡಸು ಅಂದರೆ ಹೇಗಿರಬೇಕು ಎಂಬ ಪಾಠ ಅವನಿಗೆ ಅಲ್ಲಿ ಸಿಗುತ್ತದೆ. ಮದ್ರಸದಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ನಾವು ಅದಬು, ಅಖ್ಲಾಕು ಎಂದು ಹೇಳಿಕೊಡುವುದಕ್ಕಿಂತ ಈ ಪಾಠ ಬೇಗ ತಲೆಗೆ ಹತ್ತುತ್ತದೆ. ಯಾಕೆಂದರೆ ಅಲ್ಲಿ ಹೊಗಳಿಕೆ ಇದೆ.

ಗಾಡಿ ಚೆನ್ನಾಗಿ ಬಿಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸವಾರಿಯ ಜಾಣ್ಮೆಗೆ ನಮ್ಮ ದೀನಿನಲ್ಲಿ ಗೌರವ ಇದೆ. ಪ್ರವಾದಿ (ಸ.ಅ.) ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆ ನಡೆಸಿದ್ದರು. ಅದರಲ್ಲಿ ಅಬ್ದುಲ್ಲಾ ಇಬ್ನ್ ಉಮರ್ (ರ.ಅ.) ಅವರೂ ಕುದುರೆ ಓಡಿಸಿದ್ದರು. ತರಬೇತಿ ಪಡೆದ ಕುದುರೆಗಳಿಗೆ ದೂರದ ದಾರಿ, ತರಬೇತಿ ಇಲ್ಲದವುಗಳಿಗೆ ಹತ್ತಿರದ ದಾರಿ. ಸ್ಪರ್ಧೆಗೆ ಜಾಗ ಬೇರೆ, ಅಳತೆ ಬೇರೆ, ನಿಯಮ ಬೇರೆ ಇತ್ತು ಎಂಬುದನ್ನು ಗಮನಿಸಿ.

ಜನ ನಡೆಯುವ ದಾರಿಯಲ್ಲಿ ಮಾತ್ರ ಅವರ ಮಾತೇ ಬೇರೆ. ಹಜ್ಜಿನ ಸಮಯ ಅರಫಾದಿಂದ ಹೊರಟಾಗ ಹಿಂದಿನಿಂದ ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿಸಿತು. ಪ್ರವಾದಿಯವರು ಚಾಟಿಯಿಂದಲೇ ಸನ್ನೆ ಮಾಡಿ ಸಮಾಧಾನದಿಂದ ಹೋಗಿ, ಅವಸರದಲ್ಲಿ ಪುಣ್ಯ ಇಲ್ಲ ಎಂಬರ್ಥದ ಮಾತು ಹೇಳಿದರು. ಅದು ಹಜ್ಜಿನ ದಾರಿ. ಅದಕ್ಕಿಂತ ದೊಡ್ಡ ಅರ್ಜೆಂಟು ನಮ್ಮ ಹುಡುಗರಿಗೆ ಏನಿದೆ? ಇನ್ನೊಂದು ಪ್ರಯಾಣದಲ್ಲಿ ಅಂಜಶಾ ಎಂಬವರ ಹಾಡಿಗೆ ಒಂಟೆಗಳು ಓಡತೊಡಗಿದಾಗ, ಮೇಲೆ ಹೆಂಗಸರಿದ್ದಾರೆ, ಗಾಜಿನ ಪಾತ್ರೆ ಒಯ್ಯುವ ಹಾಗೆ ನಿಧಾನ ಒಯ್ಯಿ ಎಂದು ಎಚ್ಚರಿಸಿದರು. ತಂಗಿಯನ್ನೋ ಉಮ್ಮನನ್ನೋ ಹಿಂದೆ ಕೂರಿಸಿಕೊಂಡು ಹಂಪಿನ ಮೇಲೆ ಹಾರಿಸುವ ಹುಡುಗನಿಗೆ ಇದನ್ನು ಒಮ್ಮೆ ಹೇಳಿ ನೋಡಿ.

ಹಾಗಾದರೆ ನಿಜವಾದ ಜಾಣ್ಮೆ ಯಾವುದು? ಲೆಕ್ಕ ಹಾಕುವ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಡ್ಡ ಬಂದ ಮಗುವನ್ನು ಕಣ್ಣು ಕಂಡು, ಕೈ ಬ್ರೇಕಿಗೆ ಹೋಗುವಾಗ ಅಷ್ಟು ದೂರ ಮುಗಿದಿರುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ. ವೇಗ ಎರಡು ಪಾಲಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಾಲಾಗುತ್ತದೆ. ಜೂನ್ ತಿಂಗಳ ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಎಲ್ಲ ಸೇರಿ ಸೋಪು ಹಾಕಿದ ಹಾಗೆ ಆಗಿರುತ್ತದೆ. ಇದನ್ನು ತಿಳಿದು 40ರಲ್ಲಿ ಹೋಗುವವನು, ತಿರುವಿಗೆ ಮೊದಲೇ ವೇಗ ತಗ್ಗಿಸುವವನು, ಮುಂದಿನ ಬ್ರೇಕನ್ನು ಹಿಂದಿನದರ ಜೊತೆ ಹದವಾಗಿ ಹಿಡಿಯಲು ಬರುವವನು ಜಾಣ ಸವಾರ. ಕೈ ಬಿಟ್ಟು ಬಿಡುವವನಲ್ಲ. ನಲ್ವತ್ತು ವರ್ಷ ಗಾಡಿ ಬಿಟ್ಟು ಒಂದು ದಿನವೂ ಯಾರಿಗೂ ತಾಗಿಸದ ಹಿರಿಯರು ನಮ್ಮ ಪ್ರತಿ ಜಮಾಅತಿನಲ್ಲೂ ಇದ್ದಾರೆ. ಅವರನ್ನು ಯಾರಾದರೂ ಹೊಗಳಿದ್ದನ್ನು ಕೇಳಿದ್ದೀರಾ?

ಇಲ್ಲಿ ಒಂದು ಕಷ್ಟದ ವಿಷಯ ಇದೆ, ಅದನ್ನು ಬಿಟ್ಟು ಮಾತಾಡಿದರೆ ನ್ಯಾಯವಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಉಪ್ಪ ಗಲ್ಫಿನಲ್ಲಿ. ಮನೆಯಲ್ಲಿ ಗಂಡಸು ಅಂದರೆ ಹದಿನೈದು ವರ್ಷದ ಮಗ. ಮೀನು ತರಬೇಕು, ಗ್ಯಾಸ್ ತರಬೇಕು, ಅಜ್ಜಿಗೆ ಮದ್ದು ತರಬೇಕು, ತಂಗಿಯನ್ನು ಮದ್ರಸಕ್ಕೆ ಬಿಡಬೇಕು. ರಿಕ್ಷಾಕ್ಕೆ ದಿನಾ ಕೊಟ್ಟು ಮುಗಿಯುವುದಿಲ್ಲ. ಹಾಗಾಗಿ ಉಮ್ಮ ಸ್ಕೂಟರಿನ ಕೀ ಕೊಡುತ್ತಾರೆ. ಕೇಳಿದರೆ "ಅವನು ಚೆಂದ ಬಿಡ್ತಾನೆ ಉಸ್ತಾದ್" ಎನ್ನುತ್ತಾರೆ. ಅವರ ಅಗತ್ಯ ಸುಳ್ಳಲ್ಲ. ಆದರೆ ಕಾನೂನಿಗೆ ಅವನು ಚೆಂದ ಬಿಡುತ್ತಾನಾ ಎಂಬುದು ಮುಖ್ಯವಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, 18 ತುಂಬದ ಮಕ್ಕಳು ಗಾಡಿ ಬಿಟ್ಟು ಸಿಕ್ಕಿಬಿದ್ದರೆ ಹೊಣೆ ಪೋಷಕರ ಅಥವಾ ಮಾಲಕರ ಮೇಲೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. 16ಕ್ಕೆ ಗೇರ್ ಇಲ್ಲದ 50 ಸಿ.ಸಿ. ಗಾಡಿಗೆ ಲೈಸೆನ್ಸ್ ಸಿಗುತ್ತದೆ ನಿಜ, ಆದರೆ ನಮ್ಮ ಮನೆಯಂಗಳದಲ್ಲಿರುವ ಸ್ಕೂಟರುಗಳು 110, 125 ಸಿ.ಸಿ.ಯವು. ಎದುರಿನವನಿಗೆ ಪೆಟ್ಟಾದರೆ ವಿಮೆಯ ಕಂಪೆನಿ ಕೊಟ್ಟ ಪರಿಹಾರವನ್ನು ಮಾಲಕರಿಂದಲೇ ವಸೂಲಿಗೆ ಬರಬಹುದು. ಮರಳುಗಾಡಿನ ಬಿಸಿಲಲ್ಲಿ ವರ್ಷಗಟ್ಟಲೆ ದುಡಿದ ಹಣ ಒಂದು ಸಂಜೆಗೆ ಹೋಗುತ್ತದೆ. ಹಣ ಹೋದರೆ ಹೋಗಲಿ ಎನ್ನುವ. ಮಗನ ಮಯ್ಯಿತ್ ನೋಡಲು ವಿಮಾನದ ಟಿಕೆಟ್ ಹುಡುಕುವ ಉಪ್ಪನ ಸ್ಥಿತಿ ಯಾರಿಗೂ ಬರಬಾರದು.

ಇನ್ನು ತರಕಾರಿ. ಮಾಂಸ ಬಿಡಿ ಎಂದು ಹೇಳಲು ನಾನು ಹೊರಟಿಲ್ಲ. ಹಲಾಲಾದದ್ದನ್ನು ತಿನ್ನಲು ನಾಚಿಕೆ ಬೇಡ. ಆದರೆ ಸೊಪ್ಪು ಮುಟ್ಟದಿರುವುದು ಬ್ಯಾರಿಗಳ ಗುರುತು ಎಂದು ಯಾರು ಹೇಳಿದ್ದು? ನಮ್ಮ ಅಜ್ಜಿಯಂದಿರ ಅಡುಗೆಯಲ್ಲಿ ಬಸಳೆಗೆ ಸಿಗಡಿ ಬೀಳುತ್ತಿತ್ತು, ಒಣಮೀನಿನ ಜೊತೆ ಸೌತೆ ಬೇಯುತ್ತಿತ್ತು, ಗುಜ್ಜೆ, ಹಲಸಿನ ಬೀಜ, ನುಗ್ಗೆ ಸೊಪ್ಪು, ಹರಿವೆ ದಂಟು ಎಲ್ಲ ಇತ್ತು. ಕೋಳಿ ಕೊಯ್ಯುವುದು ನೆಂಟರು ಬಂದಾಗ. ಈಗ ನೆಂಟರ ಊಟ ದಿನದ ಊಟವಾಗಿದೆ, ದಿನದ ಊಟ ಮರೆತುಹೋಗಿದೆ. ಅದರ ಜೊತೆಗೆ ಪರೋಟ, ಕರಿದ ತಿಂಡಿ, ಬಾಟ್ಲಿ ಜ್ಯೂಸ್. ನಲ್ವತ್ತಕ್ಕೆ ಶುಗರ್, ನಲ್ವತ್ತೈದಕ್ಕೆ ಬಿ.ಪಿ. ಮಾತ್ರೆ ಎಂಬುದು ನಮ್ಮ ಮನೆಗಳಲ್ಲಿ ಸುದ್ದಿಯೇ ಅಲ್ಲ. ತರಕಾರಿ ಒಂದೇ ಅದಕ್ಕೆ ಮದ್ದಲ್ಲ. ಆದರೂ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದುವೆ ಊಟದ ಬದಿಯಲ್ಲಿ ಇಟ್ಟ ನಾಲ್ಕು ತುಂಡು ಮುಳ್ಳುಸೌತೆಯನ್ನೂ ಹಾಗೇ ಬಿಟ್ಟು ಏಳುವ ನಾವು ಆ ಲೆಕ್ಕದ ಹತ್ತಿರಕ್ಕೂ ಹೋಗುವುದಿಲ್ಲ.

ಅನಸ್ (ರ.ಅ.) ಅವರ ಒಂದು ಹದೀಸ್ ಬುಖಾರಿಯಲ್ಲಿದೆ, ಮುಸ್ಲಿಮಿನಲ್ಲೂ ಇದೆ. ಒಬ್ಬ ದರ್ಜಿ ಪ್ರವಾದಿಯವರನ್ನು ಊಟಕ್ಕೆ ಕರೆದ. ಬಾರ್ಲಿ ರೊಟ್ಟಿ, ಸೋರೆಕಾಯಿ ಮತ್ತು ಒಣಮಾಂಸ ಹಾಕಿದ ಸಾರು. ಪ್ರವಾದಿಯವರು ತಟ್ಟೆಯಲ್ಲಿ ಹುಡುಕಿ ಹುಡುಕಿ ತೆಗೆದುಕೊಳ್ಳುತ್ತಿದ್ದದ್ದು ಸೋರೆಕಾಯಿ ತುಂಡುಗಳನ್ನು. ಅಂದಿನಿಂದ ತನಗೂ ಸೋರೆಕಾಯಿ ಇಷ್ಟವಾಯಿತು ಎಂದು ಅನಸ್ ಹೇಳುತ್ತಾರೆ. ಅನಸ್ ಆಗ ಪ್ರವಾದಿಯವರ ಸೇವೆಯಲ್ಲಿದ್ದ ಎಳೆಯ ವಯಸ್ಸಿನವರು. ಸೋರೆಕಾಯಿ ತಿನ್ನು ಎಂದು ಯಾರೂ ಅವರಿಗೆ ಗದರಲಿಲ್ಲ. ದೊಡ್ಡವರು ಇಷ್ಟಪಟ್ಟು ತಿನ್ನುವುದನ್ನು ನೋಡಿದರು, ಕಲಿತರು. ಅಷ್ಟೇ.

"ಅಜಲ್ ಬಂದರೆ ಮನೆಯೊಳಗೆ ಮಲಗಿದರೂ ಸಾಯುತ್ತೇವೆ" ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿಯೇ ಇರುತ್ತದೆ. ಅಜಲ್ ನಿಜ. ಆದರೆ ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಕಲಿಸಿದ್ದೂ ಅದೇ ಪ್ರವಾದಿಯವರು. ಹೆಲ್ಮೆಟಿನ ಪಟ್ಟಿ ಬಿಗಿಯುವುದು ಒಂಟೆ ಕಟ್ಟುವ ಹಾಗೆಯೇ. ಟೋಪಿ ಮುದ್ದೆಯಾಗುತ್ತದೆ ಎಂದಾದರೆ ಮಡಚಿ ಕಿಸೆಯಲ್ಲಿಡಿ. ದೇಹ ನಮ್ಮದಲ್ಲ, ಅಮಾನತ್. ಒಂದೇ ಸಂಜೆ ರಸ್ತೆಯಲ್ಲಿ ಹಾಳು ಮಾಡಿದರೂ, ಇಪ್ಪತ್ತು ವರ್ಷ ತಟ್ಟೆಯಲ್ಲಿ ಹಾಳು ಮಾಡಿದರೂ ಉತ್ತರ ಕೊಡಬೇಕಾದವರು ನಾವೇ.

ಮಾಡಬಹುದಾದದ್ದು ದೊಡ್ಡದೇನಲ್ಲ. 18 ತುಂಬದ ಹುಡುಗರ ಗಾಡಿಯನ್ನು ಮಸೀದಿ, ಮದ್ರಸದ ಅಂಗಳಕ್ಕೆ ಬಿಡುವುದಿಲ್ಲ ಎಂದು ಜಮಾಅತ್ ಕಮಿಟಿಗಳು ತೀರ್ಮಾನಿಸಲಿ. ಗಂಡಸರಿಲ್ಲದ ಮನೆಗಳ ಪೇಟೆ ಕೆಲಸಕ್ಕೆ ವಾರದಲ್ಲಿ ಎರಡು ದಿನ ಮಹಲ್ಲಿನ ಲೈಸೆನ್ಸ್ ಇರುವ ಯುವಕರು ಸರದಿ ಹಾಕಿಕೊಳ್ಳಲಿ, ಕೀ ಕೊಡಬೇಡಿ ಎಂದು ಉಮ್ಮಂದಿರಿಗೆ ಬರೀ ಹೇಳಿದರೆ ಸಾಲದು. ರಂಝಾನಿನಲ್ಲಿ ಗಾಡಿಯ ಬಾಕ್ಸಿನಲ್ಲಿ ಎರಡು ಖರ್ಜೂರ, ಒಂದು ಬಾಟ್ಲಿ ನೀರು ಇರಲಿ. ಬಾಂಗ್ ಆದರೆ ಬದಿಗೆ ನಿಲ್ಲಿಸಿ ಇಫ್ತಾರ್ ಮಾಡಬಹುದು, ಮನೆಗೆ ಹಾರಬೇಕಾಗಿಲ್ಲ. ಮದುವೆ ಊಟದಲ್ಲಿ ಒಂದು ಬಗೆ ಕೋಳಿ ಕಡಿಮೆ ಮಾಡಿ, ರುಚಿಯಾದ ಒಂದು ತರಕಾರಿ ಪಲ್ಯ ಸೇರಿಸಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ರೇಟು ಜಾಸ್ತಿ ಎನ್ನುವವರ ಬಾವಿಕಟ್ಟೆಯ ಬದಿಯಲ್ಲಿ ಬಸಳೆ ಚಪ್ಪರಕ್ಕೆ ಜಾಗ ಇದ್ದೇ ಇರುತ್ತದೆ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದದ್ದು ಮಾತು. ಮುಂದಿನ ಜುಮಾ ದಿನ ಗೇಟಿನ ಹತ್ತಿರ ಯಾರಾದರೂ "ಇಪ್ಪತ್ತು ನಿಮಿಷದಲ್ಲಿ ತಲುಪಿದ" ಎಂದರೆ ನಗಬೇಡಿ. "ಹೆಲ್ಮೆಟ್ ಹಾಕಿದ್ದನಾ?" ಎಂದು ಕೇಳಿ. ಪಕ್ಕದಲ್ಲಿರುವ ಹುಡುಗ ಅದನ್ನೂ ಕೇಳಿಸಿಕೊಳ್ಳುತ್ತಾನೆ.