ಒಂದು ಚಮಚ ಎಣ್ಣೆಯ ಸಾಕ್ಷ್ಯ

ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಮರೆಯಾಯಿತು. ಆದರೂ ಆ 1089 ಸಿ.ಸಿ. ಕಾರನ್ನು ಅಕ್ಕರೆಯಿಂದ ಸಾಕಿಕೊಂಡಿರುವ ಮನೆಗಳುಂಟು. ಎಂಜಿನ್ ದಣಿಯಿತೆಂದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು, "ಬೋರ್ ಮಾಡಿಸಿ" ಎಂಬ ಮಾತು. ತಿಂಗಳ ಸಂಬಳಕ್ಕೆ ಕೈಹಾಕುವ ಆ ತೀರ್ಪಿಗೆ ತಲೆದೂಗುವ ಮೊದಲು, ವಾಚಕರೇ, ಸಾಕ್ಷ್ಯ ಕೇಳಿರಿ.

ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ಬಿಳಿಯ ಹಬೆ ನಿಲ್ಲದೆ ಬಂದು ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ. ಆದರೆ ಸಂಶಯವೇ ತೀರ್ಪಲ್ಲ. ಎಂಜಿನ್ ಬಿಚ್ಚುವ ಮೊದಲು ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸಿರಿ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಡಿಸಿ ಮತ್ತೆ ಅಳೆಯಿಸಿರಿ. ಮುಳ್ಳು ಚೆನ್ನಾಗಿ ಏರಿದರೆ ಎಣ್ಣೆಯು ಸಂದನ್ನು ಮುಚ್ಚಿತೆಂದು ಅರ್ಥ. ರಿಂಗೋ ಸಿಲಿಂಡರೋ ಸವೆದಿದೆ. ಏರದಿದ್ದರೆ ದೋಷ ವಾಲ್ವಿನದು, ಇಲ್ಲವೆ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡೂ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು.

ಬಿಚ್ಚಿದ ಮೇಲೆ ಸಿಲಿಂಡರಿನ ಮೇಲ್ಭಾಗ, ಕೆಳಭಾಗ ಎರಡನ್ನೂ ನಿಮ್ಮೆದುರಿಗೇ ಅಳೆಯಿಸಿರಿ. ಸವೆತ ಹೆಚ್ಚಾಗಿ ಕಾಣುವುದು ಮೇಲೆ. ಹೆಡ್ಡಿನ ಮುಖದ ಮೇಲೆ ಉಕ್ಕಿನ ನೇರ ಪಟ್ಟಿಯನ್ನಿಟ್ಟು ನೋಡಿಸಿರಿ. ಅದು ಸೊಟ್ಟಗಿದ್ದರೆ ಹೊಸ ಗ್ಯಾಸ್ಕೆಟ್ಟೂ ಬಾಳದು. ಕಡತ ಓದದೆ ಷರಾ ಬರೆಯಬಾರದೆಂಬ ಕಚೇರಿಯ ನಿಯಮ ಎಂಜಿನ್ನಿಗೂ ಸಲ್ಲುತ್ತದೆ.