ಮಗ್ಗದ ಊರಿನಲ್ಲಿ ಮೈಕು
ಇಳಕಲ್ಲಿನ ಮನೆಯಲ್ಲಿ ತತ್ವಪದ ರೆಕಾರ್ಡ್ ಮಾಡಹೊರಟವರಿಗೆ ಕಂಡೆನ್ಸರ್ ಮೈಕಿನ ಮೇಲೇ ಆಸೆ. ಅದರ ಕಿವಿ ಬಲು ಸೂಕ್ಷ್ಮ ನಿಜ. ಆದರೆ ಪಕ್ಕದ ಮನೆಯ ಮಗ್ಗದ ಲಾಳಿ, ತಲೆಮೇಲಿನ ಫ್ಯಾನು, ಗ್ರಾನೈಟ್ ನೆಲಕ್ಕೆ ಬಡಿದು ಮರಳುವ ದನಿ ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ. ಬಾದಾಮಿಯ ಕಲ್ಲುಗೋಡೆಯ ಮನೆಗೂ ಇದೇ ಮಾತು. ಇಂಥ ಕಡೆ ಡೈನಾಮಿಕ್ ಮೈಕೇ ಸರಿ. 1966ರಿಂದ ವೇದಿಕೆಗಳಲ್ಲಿ ದುಡಿಯುತ್ತಿರುವ ಶೂರ್ ಎಸ್‌ಎಂ58 ಆ ಜಾತಿಯದು. ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟರೆ ಕಂಠ ಮುಂದೆ ಬರುತ್ತದೆ, ಮಗ್ಗ ಹಿಂದೆ ಸರಿಯುತ್ತದೆ. ಹಾಡುವವರ ಬೆನ್ನ ಹಿಂದಿನ ಗೋಡೆಗೆ ಎರಡು ದಪ್ಪ ಕೌದಿ ತೂಗುಹಾಕಿ, ಏಕೆಂದರೆ ಮೈಕು ನೋಡುವುದು ಆ ಗೋಡೆಯನ್ನೇ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗೆ, ಅಂದರೆ ಆಡಿಯೊ ಇಂಟರ್‌ಫೇಸ್‌ಗೆ, ಎರಡು ಮೈಕ್ ಇನ್‌ಪುಟ್ ಇರಲಿ: ಒಂದು ಕಂಠಕ್ಕೆ, ಇನ್ನೊಂದು ಏಕತಾರಿಗೋ ಹಾರ್ಮೋನಿಯಮ್ಮಿಗೋ. ಡೈನಾಮಿಕ್ ಮೈಕು ಕೊಡುವ ಸಿಗ್ನಲ್ ಕ್ಷೀಣವಾದದ್ದು. ಆದ್ದರಿಂದ ಗುಂಯ್‌ಗುಡದೆ 60 ಡೆಸಿಬೆಲ್‌ನಷ್ಟು ಗೇನ್ ಕೊಡುವ ಪೆಟ್ಟಿಗೆಗೇ ಹಣ ಹಾಕಿ. 48 ವೋಲ್ಟ್‌ನ ಫ್ಯಾಂಟಮ್ ಪವರ್ ಬೇಕಾಗುವುದು ಕಂಡೆನ್ಸರ್ ಕೊಂಡಾಗ ಮಾತ್ರ. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ. ಹುನಗುಂದ, ಬಾಗಲಕೋಟೆಯ ಭಜನಾ ಮೇಳಗಳಲ್ಲಿ ಎಷ್ಟೋ ಪದಗಳು ಹಿರಿಯರ ನಾಲಿಗೆಯ ಮೇಲಷ್ಟೇ ಇವೆ. ಅವರ ದನಿ ಗಟ್ಟಿಯಿರುವಾಗಲೇ ಮನೆಗೆ ಕರೆದು, ಮೈಕಿನ ಮುಂದೆ ಕೂರಿಸಿ ಹಾಡಿಸಿಕೊಳ್ಳಿ.